ಮಣಿಕಟ್ಟು ತಿರುಗುವ ಹೊತ್ತಿಗೆ ಚೆಂಡು ಹೋಗಿಯಾಗಿರುತ್ತದೆ

ಪ್ರಶ್ನೆ: ಸರ್, ನನಗೆ 36 ವರ್ಷ. ಮೈಸೂರಿನ ಒಂದು ಕ್ಲಬ್ಬಿನಲ್ಲಿ ಬೆಳಿಗ್ಗೆ ಟೆನಿಸ್ ಆಡುತ್ತೇನೆ. ಬಲಗೈ ಆಟ. ಆರು ತಿಂಗಳಿಂದ ಫೆಡರರ್, ನಡಾಲ್, ಅಲ್ಕರಾಜ್ ಅವರ ಫೋರ್‌ಹ್ಯಾಂಡ್‌ನ (ಅಂಗೈ ಚೆಂಡಿನ ಕಡೆ ಇಟ್ಟು ಹೊಡೆಯುವ ಹೊಡೆತ) ಸ್ಲೋ ಮೋಷನ್ ವಿಡಿಯೋಗಳನ್ನು ದಿನಾ ನೋಡುತ್ತಿದ್ದೇನೆ. ಚೆಂಡು ಹೊಡೆಯುವಾಗ ಅವರ ಮಣಿಕಟ್ಟು ಚಾಟಿಯ ಹಾಗೆ ತಿರುಗುವುದು ಚೆನ್ನಾಗಿ ಕಾಣುತ್ತದೆ. ಹಾಗೇ ಮಾಡಲು ಹೋದರೆ ನನ್ನ ಚೆಂಡು ಒಂದೋ ನೆಟ್‌ಗೆ, ಇಲ್ಲಾ ಹಿಂದಿನ ಬೇಲಿಗೆ. ಈಗ ಮಣಿಕಟ್ಟು ನೋವು ಬೇರೆ. ನಾನು ವಿಡಿಯೋ ನೋಡುವ ರೀತಿಯಲ್ಲೇ ತಪ್ಪಿದೆಯಾ? ಮೂವರಲ್ಲಿ ಯಾರನ್ನು ನೋಡಿ ಕಲಿಯಬೇಕು? ನನ್ನ ಆಟವನ್ನೂ ಫೋನಿನಲ್ಲಿ ತೆಗೆದು ನೋಡಿದರೆ ಉಪಯೋಗವಿದೆಯಾ?

ಉತ್ತರ: ಮೊದಲು ನೋವಿನ ಮಾತು. ನೋವು ಇರುವಷ್ಟು ದಿನ ಫೋರ್‌ಹ್ಯಾಂಡ್ ನಿಲ್ಲಿಸಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಬೀಗದ ಕೈ ತಿರುಗಿಸುವಾಗ ಕಿರುಬೆರಳಿನ ಕಡೆ ಚುಚ್ಚಿದ ಹಾಗೆ ಆದರೆ, ಮೂಳೆ ಡಾಕ್ಟರಿಗೆ ತೋರಿಸಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಾಮಿನಿಕ್ ಥೀಮ್ 2020ರಲ್ಲಿ ಯು.ಎಸ್. ಓಪನ್ ಗೆದ್ದವರು. 2021ರ ಜೂನ್‌ನಲ್ಲಿ ಅವರ ಬಲ ಮಣಿಕಟ್ಟಿಗೆ ಪೆಟ್ಟಾಯಿತು. ಆಮೇಲೆ ಆ ಫೋರ್‌ಹ್ಯಾಂಡ್ ಮೊದಲಿನ ಹಾಗೆ ಬರಲೇ ಇಲ್ಲ. 2024ರಲ್ಲಿ, 31ನೇ ವಯಸ್ಸಿಗೇ ನಿವೃತ್ತರಾದರು. ದಿನವಿಡೀ ಫಿಸಿಯೋ ಪಕ್ಕದಲ್ಲಿರುವವರ ಕಥೆಯೇ ಹೀಗೆ. ನಾವು ಬೆಳಿಗ್ಗೆ ಆಡಿ ಆಫೀಸಿಗೆ ಓಡುವವರು.

ಈಗ ವಿಡಿಯೋ ವಿಷಯ. ನೀವು ಕಂಡದ್ದು ಸುಳ್ಳಲ್ಲ. ಕೈ ತಿರುಗುತ್ತದೆ, ರ‍್ಯಾಕೆಟ್ ಸುಳಿಯ ಹಾಗೆ ಸುತ್ತಿ ಬರುತ್ತದೆ. ಆದರೆ ಅದು ಯಾವಾಗ ತಿರುಗುತ್ತದೆ, ಅದನ್ನು ತಿರುಗಿಸುತ್ತಿರುವುದು ಯಾವುದು, ಇವೆರಡು ನಿಮ್ಮ ಕಣ್ಣಿಗೆ ತಪ್ಪಿವೆ. ನಿಮ್ಮೊಬ್ಬರಿಗೇ ಅಲ್ಲ. ನನಗೂ ವರ್ಷಗಟ್ಟಲೆ ತಪ್ಪಿತ್ತು. ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ ಹುಡುಗರಿಗೆಲ್ಲ "ಬಾಲ್ ಮೇಲೆ ಕೈ ಮಗುಚು" ಎಂದು ಕೂಗಿ ಹೇಳುತ್ತಿದ್ದೆ. ಒಳ್ಳೆಯ ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್, ಅಂದರೆ ವಿಡಿಯೋದ ಒಂದೊಂದೇ ಬಿಡಿ ಚಿತ್ರ, ಸರಿಸಿ ನೋಡಿದ ದಿನ ಆ ಮಾತು ಬಿಟ್ಟೆ.

ಸ್ವಲ್ಪ ಲೆಕ್ಕ ಹಾಕೋಣ. ಚೆಂಡು ತಂತಿಗೆ ತಾಗಿ ಬಿಡುವುದಕ್ಕೆ ಹಿಡಿಯುವ ಸಮಯ 4ರಿಂದ 5 ಮಿಲಿಸೆಕೆಂಡ್. ಸೆಕೆಂಡಿನ ಇನ್ನೂರನೇ ಒಂದು ಪಾಲು ಎಂದುಕೊಳ್ಳಿ. ನೀವು ನೋಡುವ ಸಾಮಾನ್ಯ ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 33 ಮಿಲಿಸೆಕೆಂಡ್. ಒಳ್ಳೆಯ ಫೋರ್‌ಹ್ಯಾಂಡ್‌ನಲ್ಲಿ ರ‍್ಯಾಕೆಟ್ಟಿನ ತಲೆ ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿದ್ದರೆ, ಆ 33 ಮಿಲಿಸೆಕೆಂಡಿನಲ್ಲಿ ಅದು ಒಂದು ಮೀಟರ್ ಸಾಗಿರುತ್ತದೆ. ಒಂದು ಫ್ರೇಮಿನಲ್ಲಿ ರ‍್ಯಾಕೆಟ್ ಇನ್ನೂ ಹಿಂದಿದೆ. ಮುಂದಿನ ಫ್ರೇಮಿನಲ್ಲಿ ಚೆಂಡು ಹೋಗಿಯೇ ಬಿಟ್ಟಿದೆ, ರ‍್ಯಾಕೆಟ್ ಮುಖ ಮಗುಚಿದೆ. ನಡುವೆ ಏನಾಯಿತು ಎಂದು ಕ್ಯಾಮೆರಾ ಕಂಡೇ ಇಲ್ಲ. ಆ ಖಾಲಿ ಜಾಗವನ್ನು ನಮ್ಮ ತಲೆ ತುಂಬಿಸುತ್ತದೆ. ಹಿಂದೆ ನೆಟ್ಟಗಿತ್ತು, ಈಗ ಮಗುಚಿದೆ, ಹಾಗಾದರೆ ಮಗುಚಿಯೇ ಹೊಡೆದಿರಬೇಕು ಎಂದು. ತಪ್ಪು ಹುಟ್ಟುವುದು ಇಲ್ಲೇ.

ಈಗಿನ ಬಹಳಷ್ಟು ಫೋನುಗಳಲ್ಲಿ ಸೆಕೆಂಡಿಗೆ 240 ಫ್ರೇಮ್ ತೆಗೆಯಬಹುದು. ಅಲ್ಲಿ ಒಂದು ಫ್ರೇಮಿಗೆ 4 ಮಿಲಿಸೆಕೆಂಡ್ ಚಿಲ್ಲರೆ. ಅದರಲ್ಲೂ ಚೆಂಡು ತಂತಿಯ ಮೇಲೆ ಕೂತಿರುವ ಚಿತ್ರ ಸಿಗುವುದು ಒಂದು, ಹೆಚ್ಚೆಂದರೆ ಎರಡು. ಆ ಒಂದು ಫ್ರೇಮನ್ನು ನಿಲ್ಲಿಸಿ ನೋಡಿ. ಅಂಗೈ ಹಿಂದಕ್ಕೆ ಬಾಗಿದೆ, ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸುವವರ ಹಾಗೆ. ರ‍್ಯಾಕೆಟ್ ಮುಖ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ಒಂದು ಚೂರು ಕೆಳಗೆ ಬಾಗಿರಬಹುದು ಅಷ್ಟೆ. ಮಣಿಕಟ್ಟು ಆ ಹೊತ್ತಿಗೆ ಸ್ವಲ್ಪ ಸಡಿಲಗೊಂಡು ಮುಂದೆ ಬರುತ್ತಿರುತ್ತದೆ, ಅದು ಹೌದು. ಆದರೆ ಅದನ್ನು ಯಾರೂ ಜಾಡಿಸುತ್ತಿಲ್ಲ. ಜಾಡಿಸಲು ಸಮಯವೂ ಇಲ್ಲ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಮನುಷ್ಯನಿಗೆ 200 ಮಿಲಿಸೆಕೆಂಡಿನ ಆಸುಪಾಸು ಬೇಕು. 5 ಮಿಲಿಸೆಕೆಂಡಿನೊಳಗೆ ಚೆಂಡಿನ ಮೇಲೆ ಕೈ ಮಗುಚುವುದು ಯಾರಿಂದ ಸಾಧ್ಯ ಹೇಳಿ?

ಈಗ ಅಲ್ಲಿಂದ ಮುಂದೆ ಸರಿಸಿ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಹೊರಟ ಚೆಂಡು ಒಂದೊಂದು ಫ್ರೇಮಿಗೂ 14 ಸೆಂ.ಮೀ. ದೂರ ಹೋಗುತ್ತದೆ. ನೀವು ಮೆಚ್ಚಿದ ಆ ಚಾಟಿಯ ತಿರುವು, ಅಂದರೆ ರ‍್ಯಾಕೆಟ್ ಮಗುಚಿ ಎಡ ಭುಜದ ಕಡೆ ಬರುವುದು, ಒಂದು 40–50 ಫ್ರೇಮ್ ಆದಮೇಲೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಚೆಂಡು ಆರು ಮೀಟರ್ ಆಚೆ ಇದೆ. ಕೋರ್ಟಿನ ಹಿಂದಿನ ಗೆರೆಯಾದ ಬೇಸ್‌ಲೈನಿನಿಂದ ನೆಟ್‌ಗೆ ಇರುವುದೇ 11.89 ಮೀಟರ್. ಚೆಂಡು ಅರ್ಧ ದಾರಿ ಮುಟ್ಟಿದೆ, ನಾವು ಇಲ್ಲಿ ಕೈ ನೋಡುತ್ತಾ ಕೂತಿದ್ದೇವೆ. ಆ ತಿರುವು ಹೊಡೆತ ಅಲ್ಲ, ಬ್ರೇಕ್. ಅಷ್ಟು ವೇಗವಾಗಿ ಬಂದ ಕೈ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಹಾಗೆ ಸುತ್ತಿ ನಿಲ್ಲುತ್ತದೆ. ನೀವು ಆರು ತಿಂಗಳಿಂದ ಬ್ರೇಕ್ ಹಾಕುವುದನ್ನು ಕಲಿಯುತ್ತಿದ್ದೀರಿ, ಅದೂ ಗಾಡಿ ಹೊರಡುವ ಮುಂಚೆಯೇ. ಚೆಂಡು ನೆಟ್‌ಗೆ ಹೋಗುವುದು ಅದಕ್ಕೇ.

ಒಂದು ಪ್ರಯೋಗ ಮಾಡಿ. ಕೂತಲ್ಲೇ ಬಲ ಮೊಣಕೈ ಮಡಚಿ, ತೋಳನ್ನು ಎದೆಯ ಮುಂದೆ ತನ್ನಿ. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿರಿ, ಅದು ಅಲ್ಲಾಡಬಾರದು. ಈಗ ಭುಜದಿಂದ ತೋಳನ್ನು ಒಳಮುಖವಾಗಿ ತಿರುಗಿಸಿ. ಮುಂಗೈ ಬಸ್ಸಿನ ಗಾಜಿನ ವೈಪರ್ ಹಾಗೆ ಸುತ್ತಿತು, ಅಲ್ವಾ? ಮಣಿಕಟ್ಟು ಒಂದಿಷ್ಟೂ ಕೆಲಸ ಮಾಡಲಿಲ್ಲ. ವಿಡಿಯೋದಲ್ಲಿ ನೀವು ಕಂಡದ್ದು ಇದನ್ನೇ. ಈ ಹೊಡೆತದ ಕೊನೆಗೆ ಕೋಚ್‌ಗಳು ವೈಪರ್ ಎಂದೇ ಕರೆಯುವುದು. ತಿರುಗುವುದು ಮೇಲಿನ ತೋಳು ಮತ್ತು ಮುಂಗೈ. ರ‍್ಯಾಕೆಟ್ ಇರುವುದು ಕೈಯ ತುದಿಯಲ್ಲಿ. ಅದಕ್ಕೇ ಎಲ್ಲ ಮಣಿಕಟ್ಟಿನಲ್ಲೇ ಆದ ಹಾಗೆ ಕಾಣುತ್ತದೆ.

ಇನ್ನೂ ಒಂದು ವಿಷಯ. ಆಡುವವರನ್ನೇ ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಅಮೆರಿಕದ ಕೋಚ್ ವಿಕ್ ಬ್ರೇಡನ್ ಕ್ಯಾಲಿಫೋರ್ನಿಯಾದ ಕೋಟೊ ಡಿ ಕಾಜಾದಲ್ಲಿ ಟೆನಿಸ್ ಕಾಲೇಜು ನಡೆಸುತ್ತಿದ್ದರು. ಹೈಸ್ಪೀಡ್ ಕ್ಯಾಮೆರಾ ಹಿಡಿದು ಈ ಆಟವನ್ನು ನೋಡಿದ ಮೊದಲಿಗರಲ್ಲಿ ಅವರೂ ಒಬ್ಬರು. ದೊಡ್ಡ ದೊಡ್ಡ ಆಟಗಾರರನ್ನು ಫೋರ್‌ಹ್ಯಾಂಡ್ ಬಗ್ಗೆ ಕೇಳಿದಾಗ, ಹೆಚ್ಚಿನವರು ಚೆಂಡಿನ ಮೇಲೆ ಮಣಿಕಟ್ಟು ಉರುಳಿಸುತ್ತೇವೆ ಎಂದೇ ಹೇಳುತ್ತಿದ್ದರು. ಫಿಲಂ ನೋಡಿದರೆ, ಚೆಂಡು ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಕೈ ಮಗುಚುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಮೈಯಲ್ಲಿ ಅನಿಸಿದ್ದು ಹಾಗೆ. ಮೈಗೆ ಅನಿಸುವುದು ಬೇರೆ, ನಡೆಯುವುದು ಬೇರೆ. ಸ್ಲೋ ಮೋಷನ್ ನಡೆಯುವುದನ್ನು ತೋರಿಸುತ್ತದೆ, ಅನಿಸುವುದನ್ನಲ್ಲ.

ಹಾಗಾದರೆ ಏನು ನೋಡಬೇಕು? ಚೆಂಡು ತಾಗುವ ಫ್ರೇಮಿನಿಂದ ಹಿಂದಕ್ಕೆ ಬನ್ನಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವುದಾದರೆ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಅಲ್ಪವಿರಾಮದ ಕೀ ಒತ್ತಿ. ಒಂದೊಂದೇ ಫ್ರೇಮ್ ಹಿಂದೆ ಹೋಗುತ್ತದೆ. ಪಕ್ಕದ ಚುಕ್ಕೆಯ ಕೀ ಒತ್ತಿದರೆ ಮುಂದೆ. ಹಿಂದೆ ಹೋಗುತ್ತಾ ಕೈಯನ್ನು ಮರೆತುಬಿಡಿ, ಸೊಂಟ ನೋಡಿ. ಚಡ್ಡಿಯ ಪಕ್ಕದ ಹೊಲಿಗೆ ಗುರುತಿಟ್ಟುಕೊಳ್ಳಿ. ರ‍್ಯಾಕೆಟ್ ಇನ್ನೂ ಹಿಂದಕ್ಕೆ, ಕೆಳಕ್ಕೆ ಇಳಿಯುತ್ತಿರುವಾಗಲೇ ಆ ಹೊಲಿಗೆ ಮುಂದಕ್ಕೆ ತಿರುಗಲು ಶುರುವಾಗಿರುತ್ತದೆ. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಎದೆ, ಕೊನೆಗೆ ಕೈ. ಮೈ ಮುಂದೆ ಹೋಯಿತು, ರ‍್ಯಾಕೆಟ್ ಹಿಂದೆ ಉಳಿಯಿತು. ಅದಕ್ಕೇ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಇದನ್ನೇ ಲ್ಯಾಗ್ ಎನ್ನುತ್ತಾರೆ. ಬೇಕೆಂದೇ ಬಗ್ಗಿಸಿದ್ದಲ್ಲ ಅದು, ತಾನಾಗಿ ಬಾಗಿದ್ದು. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸಿದರೆ ಕಲ್ಲು ಕೈಯ ಹಿಂದೆ ಬರುತ್ತದಲ್ಲ, ಹಾಗೆ. ಹಿಡಿತ ಬಿಗಿಯಾದರೆ ಇದು ಆಗುವುದೇ ಇಲ್ಲ.

ಇದಕ್ಕಿಂತ ಹಿಂದಿನದೊಂದು ಫ್ರೇಮ್ ಇದೆ. ಬರೀ ಅದನ್ನು ಕಲಿತರೂ ನಿಮ್ಮ ಫೋರ್‌ಹ್ಯಾಂಡ್ ಅರ್ಧ ಸರಿಹೋಗುತ್ತದೆ ಎನ್ನುವುದು ನನ್ನ ನಂಬಿಕೆ. ಅದು ಎಡಗೈ ರ‍್ಯಾಕೆಟ್ ಬಿಡುವ ಫ್ರೇಮ್. ಫೆಡರರ್ ಅವರದ್ದು ತೆಗೆದುಕೊಳ್ಳಿ. ಎದುರಾಳಿ ಹೊಡೆದಾಗ ಇವರು ಒಂದು ಪುಟ್ಟ ನೆಗೆತ ಹಾಕಿ ಇಳಿಯುತ್ತಾರೆ. ಚೆಂಡು ಬಲಕ್ಕೆ ಬರುತ್ತಿದೆ ಎಂದು ಗೊತ್ತಾದ ತಕ್ಷಣ ಭುಜ ತಿರುಗುತ್ತದೆ. ಆದರೆ ಎಡಗೈ ಇನ್ನೂ ರ‍್ಯಾಕೆಟ್ಟಿನ ಕುತ್ತಿಗೆಯ ಮೇಲೇ ಇದೆ. ಎಡಗೈ ಅಲ್ಲಿದ್ದರೆ ಎಡ ಭುಜ ಬಲಕ್ಕೆ ಬರಲೇಬೇಕು, ಬೇರೆ ದಾರಿ ಇಲ್ಲ. ಬೆನ್ನು ಅರ್ಧ ಕಾಣುವಷ್ಟು ತಿರುಗಿದ ಮೇಲೆ ಆ ಕೈ ಬಿಡುತ್ತದೆ. ಬಿಟ್ಟ ಕೈ ಸುಮ್ನೆ ಕೆಳಗೆ ಬೀಳುವುದಿಲ್ಲ. ಬೇಸ್‌ಲೈನಿಗೆ ಸಮವಾಗಿ ಬಲಕ್ಕೆ ಚಾಚಿಕೊಳ್ಳುತ್ತದೆ. ನಮ್ಮ ಕ್ಲಬ್ಬುಗಳಲ್ಲಿ ನೋಡಿ. ಚೆಂಡು ಎದುರಿನವರ ರ‍್ಯಾಕೆಟ್ ಬಿಡುವ ಮುಂಚೆಯೇ ಎಡಗೈ ಬಿಟ್ಟಿರುತ್ತದೆ. ಬಲಗೈ ಒಂದೇ ಹಿಂದೆ ಹೋಗುತ್ತದೆ, ಎದೆ ನೆಟ್ಟನ್ನೇ ನೋಡುತ್ತಿರುತ್ತದೆ. ಮೈಯಿಂದ ಬರಬೇಕಾದ ಶಕ್ತಿಗೆ ಜಾಗವೇ ಇಲ್ಲ. ಆಗ ಉಳಿಯುವುದು ಮಣಿಕಟ್ಟೊಂದೇ. ನಿಮ್ಮ ನೋವಿನ ಬೇರು ಇಲ್ಲೇ ಇರಬಹುದು.

ಮೂವರಲ್ಲಿ ಯಾರು ಎಂದಿರಿ. ಒಬ್ಬರನ್ನೇ ಆರಿಸಬೇಡಿ. ಇವರ ಜೊತೆ ಜೊಕೊವಿಚ್ ಅವರನ್ನೂ ಸೇರಿಸಿ ನಾಲ್ವರನ್ನು ಅಕ್ಕಪಕ್ಕ ಇಟ್ಟು ನೋಡಿ. ಫೆಡರರ್ ಹಿಡಿಯುವುದು ರ‍್ಯಾಕೆಟ್ಟಿಗೆ ಕೈ ಕುಲುಕಿದ ಹಾಗಿರುವ ಈಸ್ಟರ್ನ್ ಗ್ರಿಪ್‌ಗೆ ಹತ್ತಿರ. ನಡಾಲ್ ಅವರದ್ದು ಸೆಮಿ ವೆಸ್ಟರ್ನ್, ಅಂಗೈ ಇನ್ನಷ್ಟು ಹಿಡಿಯ ಕೆಳಗೆ. ಜೊಕೊವಿಚ್ ಅದಕ್ಕಿಂತಲೂ ಕೆಳಗೆ. ಫೆಡರರ್, ನಡಾಲ್, ಅಲ್ಕರಾಜ್ ಚೆಂಡು ತಾಗುವಾಗ ತೋಳು ಪೂರ್ತಿ ಚಾಚುತ್ತಾರೆ. ಜೊಕೊವಿಚ್ ಅವರ ಮೊಣಕೈ ಮಡಚಿಯೇ ಇರುತ್ತದೆ. ಆ ಮಡಚಿದ ಕೈಯಿಂದಲೇ 24 ಗ್ರ್ಯಾಂಡ್ ಸ್ಲಾಮ್ ಬಂದಿವೆ. ನಡಾಲ್ ಎಷ್ಟೋ ಸಲ ರ‍್ಯಾಕೆಟ್ಟನ್ನು ತಲೆಯ ಮೇಲೆ ಸುತ್ತಿ ಮುಗಿಸುತ್ತಾರೆ. ಉಳಿದವರು ಭುಜದ ಕಡೆ ಮುಗಿಸುವುದೇ ಜಾಸ್ತಿ. ಇವೆಲ್ಲ ಅವರವರ ಮೈಗೆ, ಅವರು ಬೆಳೆದ ಕೋರ್ಟಿಗೆ ಒಗ್ಗಿಕೊಂಡು ಬಂದದ್ದು. ನಾಲ್ವರಲ್ಲೂ ಒಂದೇ ಆಗಿರುವುದನ್ನು ಹುಡುಕಿ. ಇನ್ನೊಂದು ಕೈಯ ಸಹಾಯದಿಂದ ಭುಜ ತಿರುಗುವುದು (ನಡಾಲ್ ಆಡುವುದು ಎಡಗೈಯಲ್ಲಿ, ಅವರಿಗೆ ಅದು ಬಲಗೈ). ಕೈಗಿಂತ ಮುಂಚೆ ಸೊಂಟ ಹೊರಡುವುದು. ಚೆಂಡು ಮೈಯ ಪಕ್ಕದಲ್ಲಲ್ಲ, ಮುಂದೆ ಸಿಗುವುದು. ತಾಗುವಾಗ ತಲೆ ಅಲ್ಲಾಡದಿರುವುದು. ಕಲಿಯಬೇಕಾದ್ದು ಇಷ್ಟೇ. ತಲೆಯ ವಿಷಯದಲ್ಲಿ ಮಾತ್ರ ಫೆಡರರ್ ಅವರನ್ನೇ ನೋಡಿ. ಚೆಂಡು ಹೋದ ಮೇಲೂ ಅವರ ಮುಖ ಅದು ತಾಗಿದ ಜಾಗವನ್ನೇ ನೋಡುತ್ತಿರುತ್ತದೆ. ಆ ಫ್ರೇಮನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ನೋಡಿದರೆ ಖುಷಿಯಾಗುತ್ತದೆ.

ನೋಡುವ ವಿಡಿಯೋ ಯಾವುದು ಅನ್ನುವುದೂ ಮುಖ್ಯ. ಟಿವಿಯ ಕ್ಯಾಮೆರಾ ಕೋರ್ಟಿನ ಹಿಂದೆ, ಎತ್ತರದಲ್ಲಿ, ಉದ್ದ ಲೆನ್ಸ್ ಹಾಕಿಕೊಂಡಿರುತ್ತದೆ. ಚೆಂಡು ಮೈಯಿಂದ ಎಷ್ಟು ಮುಂದೆ ಸಿಕ್ಕಿತು ಎಂದು ಅದರಲ್ಲಿ ಹೇಳಲು ಬರುವುದಿಲ್ಲ. ಅದಕ್ಕೆ ಪಕ್ಕದಿಂದ ತೆಗೆದದ್ದೇ ಬೇಕು. ಇನ್ನು ಸಾಮಾನ್ಯ ವಿಡಿಯೋವನ್ನು ನಿಧಾನ ಮಾಡಿ ಹಾಕಿದರೆ ಅದು ಸ್ಲೋ ಮೋಷನ್ ಆಗುವುದಿಲ್ಲ. ಇದ್ದ ಫ್ರೇಮೇ ಹೆಚ್ಚು ಹೊತ್ತು ನಿಲ್ಲುತ್ತದೆ ಅಷ್ಟೆ. ಈಚೆಗೆ ಇನ್ನೊಂದು ತೊಂದರೆ ಬಂದಿದೆ. ಕೆಲವು ಆ್ಯಪ್‌ಗಳು ಎರಡು ಫ್ರೇಮಿನ ನಡುವೆ ಇಲ್ಲದ ಫ್ರೇಮುಗಳನ್ನು ತಾವೇ ಊಹಿಸಿ ತುಂಬುತ್ತವೆ. ನೋಡಲು ಬೆಣ್ಣೆಯಷ್ಟು ನಯ. ಆದರೆ ಚೆಂಡು ತಾಗುವ ಹೊತ್ತಿನಲ್ಲಿ ಕಾಣುವುದೆಲ್ಲ ಕಂಪ್ಯೂಟರಿನ ಊಹೆ. ರ‍್ಯಾಕೆಟ್ಟಿನ ಅಂಚು ಕರಗಿದ ಹಾಗೆ, ತಂತಿಗಳು ಕಲಸಿದ ಹಾಗೆ ಕಂಡರೆ ಆ ವಿಡಿಯೋ ಬಿಟ್ಟುಬಿಡಿ. ರ‍್ಯಾಕೆಟ್ ಬಾಳೆಹಣ್ಣಿನ ಹಾಗೆ ಬಾಗಿ ಕಂಡರೂ ನಂಬಬೇಡಿ. ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಹಾಗಾಗುತ್ತದೆ, ರ‍್ಯಾಕೆಟ್ ಅಷ್ಟು ಬಾಗಿರುವುದಿಲ್ಲ.

ಪ್ರಾಕ್ಟೀಸ್ ಕೋರ್ಟಿನಲ್ಲಿ ತೆಗೆದ ವಿಡಿಯೋಗಳು ಒಳ್ಳೆಯವು. ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್‌ನಲ್ಲಿ ಜನ ಪ್ರಾಕ್ಟೀಸ್ ಕೋರ್ಟಿನ ಹತ್ತಿರವೇ ನಿಂತು ತೆಗೆದವು ಬೇಕಾದಷ್ಟು ಸಿಗುತ್ತವೆ. ಆದರೆ ಅಲ್ಲಿ ಚೆಂಡು ಸೊಂಟದ ಎತ್ತರಕ್ಕೆ, ಹಿತವಾಗಿ ಬರುತ್ತಿರುತ್ತದೆ. ಓಡಿ ಹೋಗಿ ಹೊಡೆಯುವಾಗ ಕಾಲು ಏನು ಮಾಡುತ್ತದೆ ಎನ್ನುವುದಕ್ಕೆ ಪಂದ್ಯದ ವಿಡಿಯೋವನ್ನೂ ನೋಡಿ. ಅವಕಾಶವಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆ.ಎಸ್.ಎಲ್.ಟಿ.ಎ. (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕೋರ್ಟುಗಳಲ್ಲಿ ಚಾಲೆಂಜರ್, ಅಂದರೆ ಎರಡನೇ ಹಂತದ ವೃತ್ತಿಪರ ಟೂರ್ನಿ ನಡೆಯುವಾಗ ಒಂದು ದಿನ ಬನ್ನಿ. ಆಟವನ್ನು ಹತ್ತಿರದಿಂದ ನೋಡಿದರೆ ಕಾಲಿನ ಸದ್ದು ಕೇಳಿಸುತ್ತದೆ. ಒಂದು ಹೊಡೆತಕ್ಕೆ ಎಷ್ಟು ಪುಟ್ಟ ಹೆಜ್ಜೆಗಳು ಎಂದು ಎಣಿಸಿ. ಅದು ಯಾವ ವಿಡಿಯೋದಲ್ಲೂ ಇಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ.

ಸರ್ವ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲೂ ಇದೇ ಮಣಿಕಟ್ಟಿನ ಗೊಂದಲ. ಹಿಂದಿನಿಂದ ತೆಗೆದ ಯಾವುದೇ ಒಳ್ಳೆಯ ಸರ್ವ್ ನೋಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರದ್ದೇ ನೋಡಿ. 2024ರಲ್ಲಿ, 43ನೇ ವಯಸ್ಸಿಗೆ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರು. ಅಂತಹ ಸರ್ವ್‌ನಲ್ಲಿ ರ‍್ಯಾಕೆಟ್ ಮೇಲೇರುವಾಗ ಅದರ ಅಂಚು ಚೆಂಡಿನ ಕಡೆ ಇರುತ್ತದೆ, ಚೆಂಡನ್ನು ಸೀಳಲು ಹೊರಟ ಹಾಗೆ. ತಾಗುವ ಕೊನೆಯ ಗಳಿಗೆಯಲ್ಲಿ ಮುಖ ತೆರೆದುಕೊಳ್ಳುತ್ತದೆ. ತಾಗಿದ ಮೇಲೆ ಅಂಗೈ ಹೊರಕ್ಕೆ ತಿರುಗಿ ಹೆಬ್ಬೆರಳು ಕೆಳಗಾಗುತ್ತದೆ. ಇದೂ ಮೇಲಿನ ತೋಳು ಮತ್ತು ಮುಂಗೈ ತಿರುಗುವುದರಿಂದ ಆಗುವುದು. ಕ್ಲಬ್ ಆಟಗಾರರದ್ದು ಉಲ್ಟಾ. ರ‍್ಯಾಕೆಟ್ ಮುಖ ಮೊದಲೇ ಆಕಾಶಕ್ಕೆ ತೆರೆದು, ಹೋಟೆಲಿನಲ್ಲಿ ತಲೆಯ ಮಟ್ಟಕ್ಕೆ ಟ್ರೇ ಎತ್ತಿ ಹಿಡಿದ ಹಾಗಿರುತ್ತದೆ. ಅಲ್ಲಿಂದ ಚೆಂಡನ್ನು ತಳ್ಳಬಹುದು, ಹೊಡೆಯಲು ಆಗುವುದಿಲ್ಲ. ಸರ್ವ್ ಕೈಕೊಟ್ಟಾಗ ಧೈರ್ಯವೊಂದರಿಂದಲೇ ಸರಿಹೋಗುವುದಿಲ್ಲ ಎನ್ನುವುದಕ್ಕೆ ಅರಿನಾ ಸಬಲೆಂಕಾ ಅವರ ಕಥೆ ನೋಡಿ. 2022ರಲ್ಲಿ 400ಕ್ಕೂ ಹೆಚ್ಚು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದು) ಮಾಡಿದರು. ಆ ವರ್ಷವೇ ಗ್ಯಾವಿನ್ ಮ್ಯಾಕ್‌ಮಿಲನ್ ಎಂಬ ಬಯೋಮೆಕಾನಿಕ್ಸ್ (ಮೈಯ ಚಲನೆಯ ವಿಜ್ಞಾನ) ತಜ್ಞರ ಜೊತೆ ಕೂತು ಕೈ ಹೋಗುವ ದಾರಿಯನ್ನೇ ಬಿಚ್ಚಿ ಕಟ್ಟಿದರು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು.

ನಿಮ್ಮದೇ ವಿಡಿಯೋ ಖಂಡಿತ ತೆಗೆಯಿರಿ. ಬೆಳಗಿನ ಬಿಸಿಲು ಇದಕ್ಕೆ ಬಹಳ ಒಳ್ಳೆಯದು. ಫ್ರೇಮ್ ಎಷ್ಟು ಎನ್ನುವಷ್ಟೇ ಶಟರ್ ವೇಗವೂ, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ತೆಗೆದುಕೊಳ್ಳುತ್ತದೆ ಎನ್ನುವುದೂ, ಮುಖ್ಯ. 240 ಫ್ರೇಮ್ ಇಟ್ಟು ಶಟರ್ ನಿಧಾನವಾದರೆ ರ‍್ಯಾಕೆಟ್ ಬರೀ ಮಸುಕು. ಶಟರನ್ನು ನೀವೇ ಹೊಂದಿಸಲು ಆಗುವ ಫೋನಾದರೆ ಸೆಕೆಂಡಿನ 2000ನೇ ಒಂದು ಭಾಗ ಇಡಿ. ಇಲ್ಲದಿದ್ದರೆ ಜೋರು ಬಿಸಿಲಿದ್ದರೆ ಸಾಕು, ಅದು ತಾನೇ ಹೊಂದಿಕೊಳ್ಳುತ್ತದೆ. ರಾತ್ರಿ ಲೈಟಿನಲ್ಲಿ ತೆಗೆಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದಿದ್ದರೂ ವಿಡಿಯೋ ಪೂರ್ತಿ ಬೆಳಕು ಕತ್ತಲೆ ಆಡುತ್ತಿರುತ್ತದೆ. ಫೋನನ್ನು ಸೊಂಟದ ಎತ್ತರಕ್ಕೆ, ನಿಮ್ಮ ಬಲಗಡೆ, ಚೆಂಡು ಸಿಗುವ ಜಾಗಕ್ಕೆ ನೇರವಾಗಿ ಐದಾರು ಮೀಟರ್ ದೂರದಲ್ಲಿ ಇಡಿ. ಓರೆಯಾಗಿಟ್ಟರೆ ಮುಂದೆ ಸಿಕ್ಕ ಚೆಂಡು ಪಕ್ಕದಲ್ಲಿ ಸಿಕ್ಕ ಹಾಗೆ ಕಾಣುತ್ತದೆ. ಆಮೇಲೆ ಇನ್ನೊಂದಷ್ಟು ಹಿಂದಿನ ಬೇಲಿಯಿಂದ ತೆಗೆಯಿರಿ.

ಆಸೆ ಇದ್ದರೆ ನಿಮ್ಮ ಸ್ಪಿನ್ ಕೂಡ ಅಳೆಯಬಹುದು. ಚೆಂಡಿನ ಸುತ್ತ ಕಪ್ಪು ಮಾರ್ಕರಿನಿಂದ ದಪ್ಪ ಗೆರೆ ಎಳೆಯಿರಿ. ಒಂದು ಪಕ್ಕಕ್ಕೆ ಒಂದು ಚುಕ್ಕೆಯನ್ನೂ ಇಡಿ. ಹೊಡೆದ ಮೇಲೆ ಆ ಚುಕ್ಕೆ ಸುತ್ತಿ ಮೊದಲಿನ ಜಾಗಕ್ಕೆ ಬರಲು ಎಷ್ಟು ಫ್ರೇಮ್ ಬೇಕಾಯಿತು ಎಣಿಸಿ. 14,400ನ್ನು ಆ ಸಂಖ್ಯೆಯಿಂದ ಭಾಗಿಸಿ. ಅದೇ ನಿಮಿಷಕ್ಕೆ ಸುತ್ತು. 12 ಫ್ರೇಮ್ ಆದರೆ 1,200. ಆರಾದರೆ 2,400. ಸ್ಯಾನ್ ಫ್ರಾನ್ಸಿಸ್ಕೋದ ಕೋಚ್ ಜಾನ್ ಯಾಂಡೆಲ್ ಹೈಸ್ಪೀಡ್ ಕ್ಯಾಮೆರಾದಲ್ಲಿ ಹೀಗೇ ಚೆಂಡಿನ ಸುತ್ತು ಎಣಿಸಿದವರು. ಸಾಂಪ್ರಾಸ್, ಅಗಾಸಿ ಅವರ ಫೋರ್‌ಹ್ಯಾಂಡ್ ಸರಾಸರಿ 1,800ರ ಆಸುಪಾಸು ಬಂದಿತ್ತು. ನಡಾಲ್ ಅವರದ್ದು ಸುಮಾರು 3,200. ನಿಮ್ಮದು ಎಷ್ಟೇ ಬರಲಿ, ಬರೆದಿಟ್ಟುಕೊಳ್ಳಿ. ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಲು ಬೇಕಾಗುತ್ತದೆ.

ನೋವು ಪೂರ್ತಿ ಹೋದ ಮೇಲೆ ಹೀಗೆ ಮಾಡಿ. ಮೊದಲ ವಾರ ಅರ್ಧ ಜೋರಿನಲ್ಲಿ ಮಾತ್ರ ಹೊಡೆಯಿರಿ, ಹಿಡಿತ ಸಡಿಲ ಇರಲಿ. ತಲೆಯಲ್ಲಿ ಒಂದೇ ಮಾತು ಇರಲಿ: ಎಡಗೈ ಬೇಗ ಬಿಡಬಾರದು. ಕೊನೆಯ ದಿನ ಗೆಳೆಯರ ಜೊತೆ ರ‍್ಯಾಲಿ ಆಡುತ್ತಾ 20 ಫೋರ್‌ಹ್ಯಾಂಡ್ ತೆಗೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಬೇಡಿ, 20ನ್ನೂ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಕುಗ್ಗಿ, ನಮಗೆ ಬೇಕಾದ ಫ್ರೇಮುಗಳೇ ಹಾಳಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ. ನಿಮ್ಮ ಎಡಗೈ ಬಿಡುವ ಫ್ರೇಮಿನಿಂದಲೇ ನೋಡಲು ಶುರು ಮಾಡುತ್ತೇನೆ.